ವಿಮಾನ ಹತ್ತದ ಕೊಬ್ಬರಿ

ನಮ್ಮ ನೆಂಟರಿಷ್ಟರಲ್ಲಿ ವಿಮಾನದ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಪೈಲಟ್ ಅಲ್ಲ, ವಿಮಾನದಲ್ಲಿ ತಿಂಡಿ ಹಂಚುವವಳೂ ಅಲ್ಲ. ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡಿರುವ ಗೃಹಿಣಿ. ಗಂಡನಿಗೆ ಸರ್ಕಾರಿ ಕೆಲಸ, ಅವರ ಎಲ್‌ಟಿಸಿ ಪ್ರವಾಸಭತ್ಯೆಯ ಪುಣ್ಯದಿಂದ ನಾಲ್ಕೈದು ಸಲ ಹಾರಿ ಬಂದಿದ್ದೇನೆ, ಅಷ್ಟೆ. ಹೊಸದುರ್ಗದ ಕಡೆಯ ನಮ್ಮವರಿಗೆ ಅಷ್ಟೇ ಧಾರಾಳವಾಯಿತು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಪಾಯಸ ಬರುವುದರೊಳಗೆ ಪ್ರಶ್ನೆ ಶುರು. ಮೇಲೆ ಹೋದಾಗ ಕಿಟಕಿ ತೆಗೆಯಬಹುದಾ? ವಾಂತಿ ಬಂದರೆ ಏನು ಗತಿ? ಕಿವಿ ಯಾಕೆ ಕಟ್ಟುತ್ತೆ? ಒಂದು ಇಂಜಿನ್ ಕೆಟ್ಟರೆ ಬಿದ್ದೇ ಹೋಗುತ್ತಾ? ಎದುರಿಗೆ ಇನ್ನೊಂದು ಬಂದರೆ ಹಾರ್ನ್ ಹೊಡೀತಾರಾ?

ಗೊತ್ತಿದ್ದದ್ದನ್ನು ಹೇಳುತ್ತಿದ್ದೆ. ಒಂದು ಇಂಜಿನ್ ಹೋದರೂ ಇನ್ನೊಂದರಲ್ಲಿ ಇಳಿಸುತ್ತಾರೆ, ಪೆಪ್ಪರ್‌ಮಿಂಟ್ ಚೀಪಿದರೆ ಕಿವಿ ಬಿಡುತ್ತೆ, ಇತ್ಯಾದಿ. ಗೊತ್ತಿಲ್ಲದ್ದನ್ನೂ ಅದೇ ಗತ್ತಿನಲ್ಲಿ ಹೇಳುತ್ತಿದ್ದೆ. ಹಾರ್ನ್ ಇದೆ, ಒಳಗೆ ಕೂತವರಿಗೆ ಕೇಳಿಸುವುದಿಲ್ಲ ಅಂತ ಒಂದು ಇಡೀ ಪಂಕ್ತಿಯನ್ನು ನಂಬಿಸಿದ್ದೇನೆ. ಜನ ಬಾಯಿ ಬಿಟ್ಟು ಕೇಳುವಾಗ ಸಿಗುವ ಸುಖ ದೊಡ್ಡದು. ಅದರ ರುಚಿ ಹತ್ತಿಬಿಟ್ಟಿತ್ತು ನನಗೆ.

ಅಕ್ಕನನ್ನು ಕೊಟ್ಟಿರುವುದು ಶ್ರೀರಾಂಪುರದ ಹತ್ತಿರದ ಒಂದು ಹಳ್ಳಿಗೆ. ತೆಂಗಿನ ತೋಟದ ಮನೆ. ಅವಳ ಒಬ್ಬಳೇ ಮಗಳು ಪಿಯುಸಿ ಓದುವಾಗ ರಜಕ್ಕೆ ನಮ್ಮ ಮನೆಗೆ ಬಂದಿದ್ದಳು. ನಾನು ಹಿಟ್ಟು ನಾದುತ್ತಿದ್ದರೆ ಪಕ್ಕದಲ್ಲಿ ನಿಂತು ಕೇಳಿದಳು:

“ಚಿಕ್ಕಮ್ಮ, ಪೈಲಟ್ ಆಗಾಕೆ ಏನ್ ಓದ್ಬೇಕು? ಕನ್ನಡಕ ಇದ್ರೆ ತಗಳಲ್ವಂತೆ, ಹೌದಾ? ಹೆಣ್ಮಕ್ಳಿಗೆ ಕೊಡ್ತಾರಾ?”

ಆವತ್ತು ಮಾತ್ರ ಪೇಪರಿನಲ್ಲಿ ಓದಿದ್ದು ನೆನಪಿತ್ತು. ಫಿಸಿಕ್ಸು, ಗಣಿತ ಇರಬೇಕು. ಕನ್ನಡಕ ಹಾಕಿಕೊಂಡು ಕಣ್ಣು ಸರಿಯಾಗಿ ಕಂಡರೆ ಅಡ್ಡಿಯಿಲ್ಲ. ಡಾಕ್ಟರ ಪರೀಕ್ಷೆ ಪಾಸಾಗಬೇಕು, ಇಷ್ಟು ಗಂಟೆ ಹಾರಿರಬೇಕು, ಆಮೇಲೆ ಲೈಸೆನ್ಸು. ಹೆಣ್ಣು ಗಂಡು ಅಂತ ವಿಮಾನಕ್ಕೇನು ಗೊತ್ತು ಅಂದೆ. ಹುಡುಗಿ ಹಿಡಿದ ಪಟ್ಟು ಬಿಡಲಿಲ್ಲ. ಡಿಗ್ರಿ ಮುಗಿಯುವ ಹೊತ್ತಿಗೆ ಭಾವ ತಮ್ಮ ಸಂಬಂಧದಲ್ಲೇ ಒಂದು ಗಂಡು ನೋಡಿ, ತಾಂಬೂಲ ಬದಲಾಯಿಸಿ ಮಾತು ಕೊಟ್ಟು ಬಂದಿದ್ದರು. ಇವಳು ನನಗೆ ಮದುವೆ ಬೇಡ ಅಂತ ತರಬೇತಿಗೆ ಹೊರಟೇ ಹೋದಳು. ಊರಲ್ಲಿ ತಲೆ ಎತ್ತಿ ಓಡಾಡದ ಹಾಗಾಯಿತು ಭಾವನಿಗೆ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟರು. ಅವಳು ಕೋ ಪೈಲಟ್ ಆದಳು, ದೆಹಲಿಯಲ್ಲಿ ತನ್ನ ಜೊತೆ ಕೆಲಸ ಮಾಡುವವನನ್ನೇ ಮದುವೆಯಾದಳು, ಇವರು ಹೋಗಲಿಲ್ಲ. ಅವಳ ಫೋನ್ ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಹಾಗೆಯೇ ವರ್ಷಗಳು ಕಳೆದವು.

ಹೋದ ವರ್ಷ ಅವಳು ಬಸುರಿ ಅಂತ ತಿಳಿಯಿತು. ಸೀಮಂತಕ್ಕೆ ಅಕ್ಕ ಹೊರಡುವುದೆಂದಾಯಿತು. ಅಕ್ಕನ ಮೊದಲ ವಿಮಾನ. ಬೆಂಗಳೂರಿನವರೆಗೆ ಕರೆದುಕೊಂಡು ಹೋಗುವವಳು ನಾನು, ಹಾಗಾಗಿ ಹಿಂದಿನ ದಿನವೇ ಅವರ ಮನೆಗೆ ಹೋಗಿದ್ದೆ. ನಾವಿಬ್ಬರೂ ಮಡಿಲಕ್ಕಿಗೆ ಅಕ್ಕಿ, ಬೆಲ್ಲದಚ್ಚು, ರವಿಕೆ ಕಣ ಜೋಡಿಸುತ್ತಿದ್ದೆವು. ಭಾವ ತಾವಾಗಿಯೇ ಏಣಿ ಹಾಕಿಕೊಂಡು ಅಟ್ಟ ಹತ್ತಿದರು. ವರ್ಷದಿಂದ ಒಣಗಲು ಹಾಕಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಗಿಟ್ಟುಕೊಂಡು ಅಲ್ಲಾಡಿಸಿ, ಒಳಗೆ ಉರುಳುವ ಸದ್ದು ಕೇಳಿ ಆರಿಸಿದರು. ಕೆಳಗೆ ತಂದು ಚಿಪ್ಪು ಒಡೆದು, ಒಂದೂ ಬಿರುಕಿಲ್ಲದ ಉಂಡೆ ಕೊಬ್ಬರಿಗಳನ್ನು ತಮ್ಮ ಹೆಗಲ ಮೇಲಿನ ಟವೆಲಿಗೆ ಕಟ್ಟಿ ಅಕ್ಕನ ಮುಂದಿಟ್ಟರು.

“ಮಡ್ಲಿಗೆ ಬೇಕಾಗ್ತಾವೆ. ಕೈಯಾಗೇ ಹಿಡ್ಕಂಡೋಗು, ಎಲ್ಲೂ ಬಿಡಬ್ಯಾಡ.”

ಯಾರ ಮಡಿಲಿಗೆ ಅಂತ ಹೇಳಲಿಲ್ಲ. ಅಕ್ಕ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ತವರಿನ ಕೊಬ್ಬರಿ ಬೀಳದ ಮಡಿಲು ನಮ್ಮಲ್ಲಿ ತುಂಬಿದ ಲೆಕ್ಕವಲ್ಲ. ಭಾವ ಬಾಯಿ ಬಿಟ್ಟು ಮಗಳನ್ನು ಕ್ಷಮಿಸುವ ಗಂಡಸಲ್ಲ, ಅವರಿಂದ ಆಗುತ್ತಿದ್ದದ್ದು ಅಷ್ಟೆ.

ಕಣ್ಣೊರೆಸಿಕೊಂಡು ಬಂದ ಅಕ್ಕ ಕೇಳಿದಳು. “ಲೇ, ವಿಮಾನದಾಗೆ ಕೊಬ್ಬರಿ ಬಿಡ್ತಾರೇನೆ? ಮಗ್ಳನ್ನೇ ಒಂದ್ ಮಾತು ಕೇಳ್ಲಾ?”

“ಕೇಳಿ ಕೆಡಿಸಬ್ಯಾಡ. ಅಪ್ಪ ಕಳ್ಸಿದ್ದು ಅಂತ ಎದುರಿಗೇ ಕೈಗಿಡು. ಚಟ್ನಿಪುಡಿ ಬಿಡ್ತಾರೆ, ರೊಟ್ಟಿ ಬಿಡ್ತಾರೆ, ಕೊಬ್ಬರಿ ಏನ್ ಬಾಂಬಾ?” ಅಂದೆ.

ಮೊಬೈಲ್ ನನ್ನ ಕೈಯಲ್ಲೇ ಇತ್ತು. ನೋಡಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಹುಡುಕಿ ನೋಡುವುದು ಗೊತ್ತಿಲ್ಲದವರ ಕೆಲಸ ಅನ್ನುವ ಧಿಮಾಕು ನನಗೆ.

ಮರುದಿನ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕನನ್ನು ಒಳಗೆ ಕಳಿಸಿ ಹೊರಗೆ ಕಾಫಿ ಕುಡಿಯುತ್ತಾ ನಿಂತಿದ್ದೆ. ಫೋನ್ ಬಂತು. “ಲೇ, ಕೊಬ್ಬರಿ ಒಳಕ್ಕೆ ಬಿಡಲ್ಲ ಅಂತಾರೆ ಕಣೆ. ಒಣಕೊಬ್ಬರಿ ಎಣ್ಣೆ ಪದಾರ್ಥ, ಬೆಂಕಿ ಹತ್ಕಂತತೆ ಅಂತಾರೆ. ಅಲ್ಲೊಂದು ಡಬ್ಬಿ ಐತೆ, ಅದ್ರಾಗೆ ಹಾಕು ಅಂತಾರೆ. ಏನ್ ಮಾಡ್ಲೇ?” ಹೊರಗೆ ಬಂದು ನನ್ನ ಕೈಗೆ ಕೊಟ್ಟು ಹೋಗು ಅನ್ನಬಹುದಿತ್ತು. ವಿಮಾನ ತಪ್ಪೀತು ಅನ್ನುವ ಗಾಬರಿ ಒಂದು ಕಡೆ. ನಿಜ ಹೇಳಬೇಕೆಂದರೆ, ಆ ಗಂಟನ್ನು ವಾಪಸು ಹಿಡಿದುಕೊಂಡು ಹೋಗಿ ಭಾವನ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

“ಹಾಕಿ ಹೋಗು. ಡೆಲ್ಲಿ ಅಂಗಡಿಯಲ್ಲಿ ತಗಂಡು ಮಡ್ಲಿಗೆ ಹಾಕು. ಕೊಬ್ಬರಿ ಎಲ್ಲಾದ್ರೂ ಕೊಬ್ಬರಿನೇ. ಭಾವಂಗೂ ಹೇಳಬ್ಯಾಡ, ಮಗಳಿಗೂ ಹೇಳಬ್ಯಾಡ,” ಅಂದೆ.

ಅಕ್ಕ ನಾನು ಹೇಳಿದ ಹಾಗೇ, ಅಪ್ಪ ಕಳ್ಸಿದ್ದು ಅಂತ ಹೇಳಿ ಮಗಳ ಮಡಿಲಿಗೆ ಹಾಕಿದಳು. ಸೀಮಂತದ ಸಂಜೆ ಮಗಳು ತಾನಾಗಿ ಅಪ್ಪನಿಗೆ ಫೋನ್ ಮಾಡಿ, “ಅಪ್ಪಾ, ಕೊಬ್ಬರಿ ಬಂತು” ಅಂದಳಂತೆ. ಆವತ್ತು ಭಾವ ತೋಟಕ್ಕೆ ಎದ್ದು ಹೋಗಲಿಲ್ಲ. “ಹ್ಞೂಂ, ಆರೋಗ್ಯ ನೋಡ್ಕ” ಅಂದರಂತೆ. ಆಮೇಲೆ ಟೀ ಅಂಗಡಿ, ಬಸ್‌ಸ್ಟ್ಯಾಂಡು, ಹೊಸದುರ್ಗದ ಮಾರ್ಕೆಟ್ಟು, ಎಲ್ಲಾ ಕಡೆ ಒಂದೇ ಮಾತು: ನಮ್ಮ ತೋಟದ ಕೊಬ್ಬರಿ ವಿಮಾನದಾಗೆ ಡೆಲ್ಲಿಗೆ ಹೋತು. ನನ್ನನ್ನು ಕಂಡರೆ ಹಿಂದೆಂದೂ ಇಲ್ಲದ ಮರ್ಯಾದೆ. ಎಳನೀರಿನ ಗೊನೆಯನ್ನೇ ಕಳಿಸಿಕೊಟ್ಟರು. ಒಂದನ್ನೂ ಕುಡಿಯಲು ಮನಸ್ಸು ಬರಲಿಲ್ಲ ನನಗೆ. ಅಕ್ಕಪಕ್ಕದವರಿಗೆ ಹಂಚಿಬಿಟ್ಟೆ.

ಅಪ್ಪ ಮಗಳು ಆಗಾಗ ಮಾತಾಡುತ್ತಿದ್ದರು, ಚುಟುಕಾಗಿ. ಊಟ ಆಯ್ತಾ, ಆಯ್ತು, ಅಮ್ಮಂಗೆ ಕೊಡು. ಅವಳಿಗೆ ಪುರಸೊತ್ತಿಲ್ಲ ಅಂತ ಭಾವ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ಅಕ್ಕ ಮತ್ತೆ ಹೋದಳು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದೊಡ್ಡ ಕೈಚೀಲ ಹಿಡಿದು ನಮ್ಮ ಮನೆಗೆ ಬಂದರು. ಮೊಮ್ಮಗಳನ್ನು ನೋಡಲು ಹೋಗಬೇಕಂತೆ, ವಿಮಾನದಲ್ಲೇ ಹೋಗಬೇಕಂತೆ.

“ಪಂಚೆ ಉಟ್ಕಂಡು ಹತ್ಬಹುದೇನಮ್ಮ? ಎಲೆಅಡಿಕೆ ಹಾಕ್ಕಂಡ್ರೆ ಉಗುಳಾದು ಎಲ್ಲಿ? ಮಗಳು ಓಡ್ಸೋ ವಿಮಾನನೇ ಸಿಕ್ಕತ್ತಾ?”

ಅವಳು ಹೆರಿಗೆ ರಜೆಯಲ್ಲಿ ಮನೆಯಲ್ಲಿದ್ದಾಳೆ ಭಾವ ಅಂತ ನಕ್ಕೆ. ಅವರೂ ನಕ್ಕು ಕೈಚೀಲದ ಬಾಯಿ ಬಿಚ್ಚಿ ತೋರಿಸಿದರು. ಚೀಲದ ತುಂಬ ಉಂಡೆ ಕೊಬ್ಬರಿ. “ಬಾಣಂತಿಗೆ ಅಂಟಿನುಂಡೆ ಮಾಡಾಕೆ. ಹೋದ್ಸಲ ಬಿಟ್ರಲ್ಲ, ಇಷ್ಟೂ ಬಿಡ್ತಾರೆ ತಾನೆ?”

ಹ್ಞೂಂ ಅಂದರೆ ವಿಮಾನ ನಿಲ್ದಾಣದವರು ಅವರ ಕೈಯಿಂದಲೇ ಅದನ್ನು ಡಬ್ಬಿಗೆ ಹಾಕಿಸುತ್ತಾರೆ. ಬಿಡಲ್ಲ ಅಂದರೆ ಹೋದ ಸಲದ್ದೇನಾಯಿತು ಅನ್ನುತ್ತಾರೆ. ಕುಂತ್ಕಳ್ರಿ ಭಾವ ಅಂದು, ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಕ್ಕಂದು ತಪ್ಪಿಲ್ಲ, ಹೇಳಬೇಡ ಅಂದವಳು ನಾನೇ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೈಚೀಲದ ಬಾಯಿ ಮತ್ತೆ ಕಟ್ಟಿದರು. “ಮಗಳಿಗೆ ಫೋನ್ ಹಚ್ಚು” ಅಂದರು.

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

“ಲೇ ಮಗಾ, ಸೀಮಂತಕ್ಕೆ ನಿನ್ ಮಡ್ಲಿಗೆ ಬಿದ್ದ ಕೊಬ್ಬರಿ ನಮ್ ತೋಟದ್ದಲ್ವಂತೆ ಕಣೆ. ನಂಗೆ ಈಗ ಗೊತ್ತಾತು.”

“ನಂಗೆ ಅವತ್ತೇ ಗೊತ್ತಿತ್ತಪ್ಪ,” ಅಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ವಿಮಾನದಲ್ಲಿ ಓಡಾಡೋಳು ನಾನು. ಒಣಕೊಬ್ಬರಿ ಬಿಡಲ್ಲ ಅಂತ ನಂಗೊತ್ತಿಲ್ವಾ? ನೀನು ಏನೂ ಕಳ್ಸಿಲ್ಲ, ಅಮ್ಮಾನೂ ಚಿಕ್ಕಮ್ಮಾನೂ ಸೇರ್ಕಂಡು ಕಥೆ ಕಟ್ಟಿದಾರೆ ಅಂದ್ಕಂಡೆ. ಅಮ್ಮ ಅಷ್ಟು ದೂರ ಬಂದು ಸುಳ್ಳು ಹೇಳ್ತಿದಾಳಲ್ಲ, ಪಾಪ, ಅಂತ ನಿಂಗೆ ಫೋನ್ ಮಾಡ್ದೆ. ಹೋಗ್ಲಿ ಬಿಡಪ್ಪ.”

ಭಾವ ಕುರ್ಚಿಯಿಂದ ಅರ್ಧ ಎದ್ದರು.

“ಇಲ್ಲ ಕಣವ್ವಾ. ಕೊಟ್ಟಿದ್ದೆ. ನಾನೇ ಅಟ್ಟ ಹತ್ತಿ ತಗದು ಕೊಟ್ಟಿದ್ದೆ ಕಣೆ.”

ಆ ಕಡೆ ಮಗು ಕುಂಯ್‌ಗುಟ್ಟುವುದು ಮಾತ್ರ ಕೇಳುತ್ತಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ, ಯಾರ ಮುಂದೆಯೂ ಸಮಜಾಯಿಷಿ ಕೊಟ್ಟವರಲ್ಲ, ಮೇಜಿನ ಮೇಲಿನ ಫೋನಿಗೆ ಬಾಗಿ ಕೊಟ್ಟಿದ್ದೆ, ಕೊಟ್ಟಿದ್ದೆ ಅನ್ನುತ್ತಿದ್ದರು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

“ನಿಮ್ ಚಿಕ್ಕಮ್ಮ ಇಲ್ಲೇ ಅವ್ಳೆ. ಅವ್ಳನ್ನ ಕೇಳು,” ಅಂದು ಫೋನನ್ನು ನನ್ನ ಕಡೆ ಸರಿಸಿದರು.

“ಚಿಕ್ಕಮ್ಮ, ನಿಜಾನಾ?”

“ನಿಜ ಕಣೆ,” ಅಂದೆ. “ನನ್ನ ಕಣ್ಣೆದುರಿಗೇ ಟವೆಲಿಗೆ ಕಟ್ಟಿ ಕೊಟ್ರು. ಡಬ್ಬಿಗೆ ಹಾಕು ಅಂದೋಳು ನಾನು.” ನನಗೇ ನನ್ನ ದನಿ ಕಟ್ಟುಕಥೆಯ ಹಾಗೆ ಕೇಳಿಸಿತು.

“ಸರಿ ಚಿಕ್ಕಮ್ಮ” ಅಂದಳು ಅವಳು. ಮಗು ಅಳಲು ಶುರು ಮಾಡಿತು, ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟಳು.

ಭಾವ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

“ನಂಬಿದ್ಲೇನಮ್ಮ?” ಅಂದರು.