ದೊಮಿತಿಲಾ ಬಡವಳೆಂದು ಬರೆಸಿದ್ದು

ದೊಮಿತಿಲಾ ವಾರ್ಕಾಯಾ ಬಡವಳೆಂದು ನಮ್ಮ ಗುಡ್ಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಲಿಮಾದ ಅಂಚಿನ ಈ ಬೋಳುಗುಡ್ಡದಲ್ಲಿ ಸಾಹುಕಾರರೆಂಬವರು ಯಾರೂ ಇಲ್ಲ. ನೀರು ಟ್ಯಾಂಕರಿನಲ್ಲಿ ಬರುತ್ತದೆ, ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುವವರು ನಾವೇ. ಅವಳ ಮನೆಯಂತೂ ಎಲ್ಲರಿಗಿಂತ ಮೇಲೆ. ಹಲಗೆಯ ಗೋಡೆ, ತಗಡಿನ ಸೂರು, ಮಣ್ಣಿನ ನೆಲ. ಅಯಾಕುಚೋ ಸೀಮೆಯಲ್ಲಿ ಗುಂಡು ಹಾರುತ್ತಿದ್ದ ಕಾಲದಲ್ಲಿ ಒಂದು ಕಂಬಳಿ ಮತ್ತು ಒಬ್ಬ ಮಗಳೊಡನೆ ಓಡಿ ಬಂದವಳು. ಮುಂದೆ ಆ ಮಗಳು ಹೆರಿಗೆಯಲ್ಲಿ ತೀರಿಕೊಂಡಳು, ಮೊಮ್ಮಗಳು ನೋರ್ಕಾ ಉಳಿದಳು. ಕೂಸಿನ ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ಅದನ್ನು ಎತ್ತಿಕೊಂಡವಳು ನಾನು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ನೆಂಟಸ್ತಿಕೆಗಿಂತ ದೊಡ್ಡ ಬಂಧ ಅದು, ಜಗಳಕ್ಕೂ ಅಷ್ಟೇ ಸಲಿಗೆ.

ನಸುಕಿನಲ್ಲೇ ಎದ್ದು ಬಾರ್ಲಿ, ಅಗಸೆ ಬೀಜ, ಸೊಪ್ಪುಸದೆ ಕುದಿಸಿ, ಬಸ್ ನಿಲ್ದಾಣದಲ್ಲಿ ಕೈಗಾಡಿ ನಿಲ್ಲಿಸಿ ಕಷಾಯ ಮಾರುತ್ತಾಳೆ. ಬಾಯಿ ಕಷಾಯಕ್ಕಿಂತ ಬಿಸಿ. ಚೌಕಾಸಿಗೆ ನಿಂತವನಿಗೆ, "ಲೋಟಾನೂ ಕಟ್ಟಿಕೊಡ್ಲೇನಪ್ಪಾ, ಮನೆಗೆ ಒಯ್ತೀಯಾ?" ಅನ್ನುತ್ತಾಳೆ. ಓಣಿಯ ಹೆಂಗಸರು ಸೇರಿ ನಡೆಸುವ ಅಡುಗೆಮನೆಯಲ್ಲಿ ಅಗ್ಗದ ಊಟ ಸಿಗುತ್ತದೆ. ಅವಳು ಮಾತ್ರ ಒಂದು ಬುಟ್ಟಿ ಆಲೂಗಡ್ಡೆ ಸುಲಿದುಕೊಡದೆ ತಟ್ಟೆ ಮುಟ್ಟುವುದಿಲ್ಲ. ಈ ಬಿಗುಮಾನ ಕಂಡು ಎಷ್ಟೋ ಸಲ ನನಗೆ ಮೈ ಉರಿದಿದೆ.

ನೋರ್ಕಾ ಓದಿನಲ್ಲಿ ಚುರುಕು. ಹದಿನೇಳಕ್ಕೇ ಪರೀಕ್ಷೆ ಗೆದ್ದು ಎಂಜಿನಿಯರಿಂಗ್ ಸೀಟು ಗಿಟ್ಟಿಸಿದಳು. ಫೀಸು, ಪುಸ್ತಕ, ಬಸ್ಸು, ಊಟ ಎಲ್ಲಕ್ಕೂ ಸರಕಾರದ ವಿದ್ಯಾರ್ಥಿವೇತನವಿತ್ತು. ಅದು ಸಿಗದಿದ್ದರೆ ಸೀಟು ಇದ್ದೂ ಇಲ್ಲದಂತೆ. ಅದಕ್ಕೊಂದು ಷರತ್ತು: ಪುರಸಭೆಯ ಪಟ್ಟಿಯಲ್ಲಿ ಆ ಕುಟುಂಬ "ಬಡವರು" ಎಂದು ದಾಖಲಾಗಿರಬೇಕು. ಅದನ್ನು ಗೊತ್ತುಮಾಡಲು ಒಬ್ಬರು ಮನೆಗೇ ಬಂದು ವಿಚಾರಿಸಿಕೊಂಡು ಹೋಗುತ್ತಾರೆ.

ಕಾಗದ ಬಂದ ದಿನ ದೊಮಿತಿಲಾ ಏದುಸಿರು ಬಿಡುತ್ತ ನನ್ನ ಅಂಗಡಿಗೆ ಬಂದಳು. "ಕೊಮಾದ್ರೆ, ಮಂಗಳವಾರ ಸರಕಾರದೋರು ಮನೆಗೆ ಬರ್ತಾರಂತೆ. ನಿನ್ನ ಫ್ರಿಜ್ ಬೇಕಲ್ಲ."

"ತಗೊಂಡ್ಹೋಗು. ಆದ್ರೆ ಅವರು ಯಾಕೆ ಬರೋದು ಅಂತ ಗೊತ್ತಾ?"

"ಮನೆತನ ನೋಡೋಕೆ. ಗತಿಗೆಟ್ಟೋರು ಅಂತ ಕಂಡ್ರೆ ನಂಬಿ ದುಡ್ಡು ಕೊಡ್ತಾರಾ?"

ನನಗಾದರೂ ಬುದ್ಧಿ ಬೇಡವೆ? ಹೌದೆಂದು ತಲೆಯಾಡಿಸಿದೆ. ನಮ್ಮ ಗುಡ್ಡದ ರೂಢಿಯೇ ಹಾಗೆ. ಯಾರ ಮನೆಗೆ ದೊಡ್ಡ ನೆಂಟರು ಬಂದರೂ ಉಳಿದವರ ಸಾಮಾನೆಲ್ಲ ಆ ಮನೆ ಸೇರುತ್ತದೆ. ನನ್ನ ಫ್ರಿಜ್ ಈವರೆಗೆ ಮೂರು ಮದುವೆ ಕುದುರಿಸಿದೆ. ಮಂಗಳವಾರ ನಾಲ್ಕು ಗಂಡಸರು ಅದನ್ನು ಹಗ್ಗ ಕಟ್ಟಿ ಮೇಲೆ ಹತ್ತಿಸಿದರು. ಆಟೊ ಓಡಿಸುವವನ ಟೀವಿ, ದರ್ಜಿಯ ಸೋಫಾ, ಯಾರದೋ ಗ್ಯಾಸ್ ಒಲೆ ಹಿಂದೆಯೇ ಹೋದವು. ನೋರ್ಕಾ ಅಂಕಪಟ್ಟಿ ತರಲು ಶಾಲೆಗೆ ಹೋಗಿದ್ದಳು, ಇದ್ದಿದ್ದರೆ ತಡೆಯುತ್ತಿದ್ದಳು.

ಬಂದವನು ಎಳೆ ವಯಸ್ಸಿನ ಗುಮಾಸ್ತ. ಸೋಫಾದಲ್ಲಿ ಕೂರಿಸಿ ತಂಪು ಪಾನೀಯ ಕೊಟ್ಟೆವು, ಕೋಳಿ ಕೊಯ್ದು ಬಡಿಸಿದೆವು. ಅವನು ಉಣ್ಣುತ್ತ ಕೇಳಿದ, "ಫ್ರಿಜ್ ನಿಮ್ದೇನಾ ಅಮ್ಮಾ?"

"ಮತ್ತೆ ಪಕ್ಕದ್ಮನೇದಾ?" ಎಂದಳು ದೊಮಿತಿಲಾ. ಪಕ್ಕದಲ್ಲೇ ನಿಂತಿದ್ದ ನಾನು ನಕ್ಕೆ. ಅವನು ಗುರುತು ಹಾಕಿಕೊಂಡ.

ಮೂರು ವಾರದ ಮೇಲೆ ಫಲಿತಾಂಶ ಬಂತು: ಬಡವರಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಉಳಿದದ್ದು ಐದು ದಿನ. ನೋರ್ಕಾ ಕೂಗಾಡಲಿಲ್ಲ. ಕಾಗದವನ್ನು ಎರಡು ಸಲ ಓದಿ, "ಬಟ್ಟೆ ಅಂಗಡೀಲಿ ಕೆಲಸ ಖಾಲಿ ಇದೆಯಂತೆ," ಎಂದಳು. ಅದನ್ನು ಕೇಳಿ ದೊಮಿತಿಲಾ ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಿಗಿದು ಕಟ್ಟಿಕೊಂಡಳು. "ನಡಿ ಕೊಮಾದ್ರೆ, ಪುರಸಭೆಗೆ."

ಗಾಜಿನ ಹಿಂದೆ ಕೂತಿದ್ದ ಹೆಂಗಸಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿರಲಿಲ್ಲ. "ಹಾಗಾದ್ರೆ ಸುಳ್ಳು ಬರೆಸಿದ್ರಾ ಅಜ್ಜಿ?"

"ಸುಳ್ಳಲ್ಲ ತಾಯಿ, ಉಪಚಾರ ಮಾಡಿದ್ದು."

"ಫ್ರಿಜ್ ಯಾರ್ದು?"

"ನಂದು," ಎಂದೆ. ಹಿಂದಿದ್ದ ಸಾಲು ಗೊಳ್ಳೆಂದು ನಕ್ಕಿತು.

"ನೋಡಿ, ನಮ್ಮನೇಲಿ ಏನೂ ಇಲ್ಲ, ನಾವು ಬಡವರು ಅಂತ ನಿಮ್ಮ ಬಾಯಿಂದ್ಲೇ ಬರಬೇಕು. ಆಗ ನಾನು ಬರ್ಕೊಂಡು ಗುರುವಾರ ಇನ್ನೊಂದ್ಸಲ ಜನ ಕಳಿಸ್ತೀನಿ."

ದೊಮಿತಿಲಾ ಶಾಲಿನ ಗಂಟನ್ನು ಇನ್ನಷ್ಟು ಬಿಗಿದಳು. ಮೂವತ್ತು ವರ್ಷದಿಂದ ಅವಳನ್ನು ಬಲ್ಲೆ. ತಿರುಗಿ ಹೊರಟೇಬಿಡುತ್ತಾಳೆ ಎಂದುಕೊಂಡೆ. "ನಾವು ಬಡವರು," ಎಂದಳು, ಸಾಲಿನ ಕೊನೆಯವರಿಗೂ ಕೇಳುವಂತೆ.

ಗುರುವಾರದ ಹೊತ್ತಿಗೆ ಓಣಿಗೆಲ್ಲ ಜ್ಞಾನೋದಯವಾಗಿತ್ತು. ಅಂದು ಸಾಮಾನು ತಂದಿಟ್ಟು ವಾಪಸು ಒಯ್ದವರೇ ಈಗ ಅವಳ ಸ್ವಂತದ್ದನ್ನೂ ಸಾಗಿಸಲು ಬಂದರು. "ಮಂಚಾನೂ ಎತ್ತಿಬಿಡೋಣ, ನೆಲದ ಮೇಲೆ ಮಲಗ್ತೀವಿ ಅನ್ನಿ," ಎಂದ ದರ್ಜಿ.

"ಮಂಚ ನಂದು. ಇರೋದನ್ನ ಇಲ್ಲ ಅನ್ನೋಕೆ ನಾನೇನು ಭಿಕ್ಷೆಗೆ ನಿಂತಿದೀನಾ? ಇಳ್ಸೋ ಕೆಳಗೆ!" ಎಂದು ಗದರಿದಳು. ಅವನು ಮಂಚ ಬಿಟ್ಟ.

ಅದೇ ಗುಮಾಸ್ತ ಬಂದ. ಈ ಸಲ ಮಂಚದ ಮೇಲೆ ಕೂತ, ಬೇರೇನೂ ಇರಲಿಲ್ಲ. ಫ್ರಿಜ್? ಇಲ್ಲ. ಟೀವಿ? ಇಲ್ಲ. ಒಲೆ? ಸೌದೆಯದು. ನೆಲ? ಅವನು ತಾನೇ ನೋಡಿ ಬರೆದುಕೊಂಡ. ಒಂದೊಂದಕ್ಕೂ ದೊಮಿತಿಲಾ ಥಟ್ಟನೆ ಉತ್ತರ ಕೊಟ್ಟಳು, ಆಲೂಗಡ್ಡೆ ಸುಲಿದಷ್ಟು ಸಲೀಸಾಗಿ. ಬಾಗಿಲ ಬಳಿ ನಿಂತಿದ್ದ ನೋರ್ಕಾಳ ಮುಖ ಕೊಂಚ ತಿಳಿಯಾಯಿತು.

"ಮನೆ ಯಜಮಾನಿ ಓದು? ಹಿಂದಿನ ಸಲ ಐದನೇ ಕ್ಲಾಸು ಅಂದಿದ್ರಿ."

ದೊಮಿತಿಲಾ ಮೊಮ್ಮಗಳ ಕಡೆ ನೋಡಿ, ಕಣ್ಣು ನೆಲಕ್ಕಿಳಿಸಿದಳು. ನೋರ್ಕಾ ಶಾಲೆಗೆ ಸೇರಿದಂದಿನಿಂದ ಸಂಜೆ ಅವಳ ಪುಸ್ತಕ ತಿರುವಿ, ಸಾಲು ಸಾಲಿಗೂ ಬೆರಳಿಟ್ಟು, "ಹ್ಞೂಂ, ಸರಿಯಾಗಿದೆ" ಎಂದ ಮೇಲೆಯೇ ಊಟ ಬಡಿಸುತ್ತಿದ್ದವಳು ಈ ಅಜ್ಜಿ. ನಾನೂ ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ, ನಂಬಿಯೂ ಇದ್ದೆ.

"ಏನ್ ಬರೀಲಿ ಅಮ್ಮಾ?"

"ಶಾಲೆ ಮೆಟ್ಟಿಲು ಹತ್ತಿಲ್ಲ. ಒಂದಕ್ಷರಾನೂ ಬರಲ್ಲ," ಎಂದಳು. ಪುರಸಭೆಯಲ್ಲಿ ಗುಡುಗಿದವಳ ದನಿ ಈಗ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವನು ಬರೆದುಕೊಂಡು ಹೋದ. ಮರುದಿನವೇ ಪಟ್ಟಿ ತಿದ್ದಿದರು, ಅರ್ಜಿ ಗಡುವಿನೊಳಗೆ ಸೇರಿತು, ಕೆಲವು ತಿಂಗಳ ಮೇಲೆ ನೋರ್ಕಾಗೆ ವಿದ್ಯಾರ್ಥಿವೇತನವೂ ಬಂತು. ಆದರೆ ಆ ಗುರುವಾರ ಇದಾವುದೂ ನಮಗೆ ಗೊತ್ತಿರಲಿಲ್ಲ. ದೊಮಿತಿಲಾ ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ನೋರ್ಕಾ ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ಮೂರನೇ ಕ್ಲಾಸಲ್ಲಿ ಒಂದಿನ ಬೇಕಂತ್ಲೇ ಎಲ್ಲಾ ಲೆಕ್ಕಾನೂ ತಪ್ಪು ಮಾಡಿ ತೋರಿಸಿದ್ದೆ. ಸರಿಯಾಗಿದೆ ಅಂದೆ ನೀನು."

ದೊಮಿತಿಲಾ ಮಂಚದ ಮೇಲಿನ ಕಂಬಳಿಯ ಸುಕ್ಕು ನೀವತೊಡಗಿದಳು.

"ಆವತ್ತಿಂದ ನಿಂಗೆ ತೋರಿಸೋಕೆ ಮುಂಚೆ ನಾನೇ ಎರಡೆರಡು ಸಲ ನೋಡ್ತಿದ್ದೆ. ನೀನು ಸರಿ ಅಂದಿದ್ದು ಸುಳ್ಳಾಗಬಾರ್ದು ಅಂತ."