ಹಿಂದಿನ ಸೀಟಿನವರು ದಾರಿ ಹೇಳಿದರು

ದೆವ್ವ, ಗಾಳಿ, ಮೈಮೇಲೆ ಬರೋದು, ಇದನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, "ನಿನ್ನೆ ಎಷ್ಟು ಹಾಕಿದ್ದೆ ಗುರು?" ಅಂತ ಕೇಳಿ ಬಾಯಿ ಮುಚ್ಚಿಸುತ್ತಿದ್ದವನೇ ನಾನು. ಈಗ ನನ್ನ ಕಥೆ ಕೇಳಿದವರೂ ಅದನ್ನೇ ಕೇಳುತ್ತಾರೆ. ಕೇಳಲಿ ಬಿಡಿ. ನಾನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನ ಮನೆ. ಆ್ಯಪಿನಲ್ಲಿ ಬುಕ್ಕಿಂಗ್ ಬಂದರೆ ಕಾರು ಓಡಿಸುತ್ತೇನೆ. ಕುಡಿದವರು ಗಾಡಿ ಹತ್ತಿದರೆ ಏನು ಮಾಡಬೇಕು ಅನ್ನೋದಕ್ಕೆ ಕಂಪನಿಯವರ ಪಾಠ ಒಂದಿದೆ, ನಮ್ಮ ಡ್ರೈವರ್‌ಗಳ ಪಾಠ ಇನ್ನೊಂದಿದೆ. ಮಾತಾಡಿಸಿದರೂ ಮಾತಾಡದಿದ್ದರೆ ಗಾಡಿ ನಿಲ್ಲಿಸಿ ಆಂಬುಲೆನ್ಸಿಗೆ ಫೋನ್ ಮಾಡು ಅನ್ನುತ್ತೆ ಕಂಪನಿ. ನಾವು ಹೇಳಿಕೊಳ್ಳೋದು, ಏನಾದರೂ ಆಗಲಿ ಮೈ ಮಾತ್ರ ಮುಟ್ಟಬೇಡ ಅಂತ. ನಮ್ಮವನೊಬ್ಬ ಮಲಗಿದ್ದವನ ಭುಜ ಅಲ್ಲಾಡಿಸಿ ಎಬ್ಬಿಸಿದ್ದಕ್ಕೆ ಆ ಮಹಾನುಭಾವ ಕಣ್ಣು ಬಿಡುತ್ತಲೇ "ನನ್ ಚೈನ್ ಎಲ್ಲೋ?" ಅಂತ ಕಾಲರ್ ಹಿಡಿದು ಸ್ಟೇಷನ್ನಿನವರೆಗೂ ಎಳೆದಿದ್ದ. ಚೈನು ಅವನ ಮನೆಯಲ್ಲೇ ಇತ್ತು. ಅವತ್ತಿನಿಂದ ನಾವು ಮುಟ್ಟೋದಿಲ್ಲ. ಆಗಾಗ "ಸಾರ್, ಇದೀರಾ?" ಅಂತ ಕೇಳುತ್ತೇವೆ, ಉತ್ತರ ಬಂದರೆ ಮುಂದಕ್ಕೆ ಹೋಗುತ್ತೇವೆ.

ಕೆಲವು ವರ್ಷದ ಹಿಂದೆ, ಸಂತೆಯ ದಿನ ಮಧ್ಯಾಹ್ನ, ಗುಬ್ಬಿಯಿಂದ ಕೊತ್ತಗೆರೆಗೆ ಒಂದು ಬಾಡಿಗೆ ಬಂತು. ಹೋಗಿ ನೋಡಿದರೆ ಇಬ್ಬರು ಸೇರಿ ಒಬ್ಬರನ್ನು ಹಿಡಿದುಕೊಂಡು ನಿಂತಿದ್ದರು. ಐವತ್ತು ದಾಟಿದ ಮನುಷ್ಯ, ಬಿಳಿ ಷರಟು, ಜೇಬಿನಲ್ಲಿ ಕನ್ನಡಕ. "ನಮ್ ಕೊಬ್ಬರಿ ಮಂಡಿ ರಂಗಪ್ಪ ಕಣಣ್ಣ. ವಸಿ ತಗೊಂಡವ್ರೆ ಅಷ್ಟೇ, ಗಲಾಟೆ ಗಿಲಾಟೆ ಮಾಡಾಕಿಲ್ಲ. ಊರಿಗೆ ಬುಟ್ಬುಡು," ಅಂತ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಗಾಡಿಯೆಲ್ಲ ವಾಸನೆ. ನನ್ನ ಹಣೆಬರಹ ಅಂದುಕೊಂಡು ಹೊರಟೆ.

ತುಮಕೂರು ಬರುವವರೆಗೂ ಕೇಳಿದಾಗಲೆಲ್ಲ "ಹ್ಞೂಂ" ಅನ್ನುತ್ತಿದ್ದರು. ಊರು ದಾಟಿ ಕುಣಿಗಲ್ ರೋಡು ಹಿಡಿದ ಮೇಲೆ ಅದೂ ನಿಂತಿತು. ಹೆಬ್ಬೂರಿನ ಹತ್ತಿರ ಜೋರಾಗಿ ಕೂಗಿದೆ. ಉತ್ತರವಿಲ್ಲ. ಕನ್ನಡಿಯಲ್ಲಿ ನೋಡಿದರೆ ತಲೆ ಕಿಟಕಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಸೈಡಿಗೆ ಹಾಕಿ ನಿಲ್ಲಿಸಿದೆ. ಚೈನ್ ಹೋಗಲಿ, ಮಾನ ಹೋಗಲಿ, ಇವತ್ತು ಮುಟ್ಟೇ ನೋಡೋಣ ಅಂತ ಸೀಟ್ ಬೆಲ್ಟ್ ಬಿಚ್ಚಿದೆ. ಅಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಯಾಕ್ ನಿಲ್ಸ್‌ದೆ? ನಡಿಯಪ್ಪ."

ನಾಲಿಗೆ ಒಂಚೂರೂ ತೊದಲಲಿಲ್ಲ. ಅಷ್ಟು ಕುಡಿದವರ ಮಾತು ಅಷ್ಟು ಸ್ವಚ್ಛವಾಗಿ ಹೇಗೆ ಬಂತು ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸದ್ಯ, ಬದುಕಿದೆ ಬಡಜೀವ ಅಂತ ಮತ್ತೆ ಬೆಲ್ಟ್ ಹಾಕಿಕೊಂಡೆ.

ಕುಣಿಗಲ್ ಇನ್ನೂ ಮುಂದಿರುವಾಗಲೇ "ಎಡಕ್ಕೆ ತಗೋ" ಅಂತು ಆ ದನಿ. ಮ್ಯಾಪು ನೇರ ತೋರಿಸುತ್ತಿದೆ ಸಾರ್ ಅಂದೆ. "ಎಡಕ್ಕೆ ತಗೊಳಪ್ಪ." ತಗೊಂಡೆ. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ಅಂದರು. ಮುಂದೆ ಹಂಪ್ ಐತೆ, ನಿಧಾನ ಅಂದರು. ನನ್ನ ಕಣ್ಣಿಗೇ ಕಾಣದಂತೆ ಮಣ್ಣು ಮುಚ್ಚಿದ ಹಂಪ್ ಅದು, ನಿಜವಾಗಿಯೂ ಇತ್ತು. ಕೊನೆಗೆ ಹಸಿರು ಗೇಟಿನ ಒಂದು ಮನೆಯ ಮುಂದೆ, "ಇಲ್ಲೇ ನಿಲ್ಸು. ಮನೆ ಬಂತು."

ಅಂಗಳದಲ್ಲಿ ಒಬ್ಬ ಹೆಂಗಸು ಮೊರ ಹಿಡಿದು ರಾಗಿ ಕೇರುತ್ತಿದ್ದರು. ಹೆಸರು ಜಯಮ್ಮ ಅಂತ ಆಮೇಲೆ ಗೊತ್ತಾಯಿತು. ಗಾಡಿಯೊಳಕ್ಕೆ ಬಗ್ಗಿ ನೋಡಿದವರ ಮುಖ ಗಂಟಿಕ್ಕಿತು. "ಇವನ್ಯಾಕ್ ಬಂದ ಇಲ್ಲಿಗೆ? ನಾನು ಇವನ ಅಕ್ಕ. ಇವನ ಮನೆ ಇರೋದು ಕೊತ್ತಗೆರೇಲಿ, ಅಲ್ಲಿಗ್ ಕರ್ಕೊಂಡೋಗು," ಅಂತ ತಿರುಗಿ ಹೊರಟೇಬಿಟ್ಟರು. ನಾಲ್ಕು ಹೆಜ್ಜೆ ಹೋದವರು ಏನನ್ನಿಸಿತೋ ವಾಪಸ್ ಬಂದರು. ತಾವೇ ಬಾಗಿಲು ತೆಗೆದು ತಮ್ಮನ ಕೆನ್ನೆ ಮುಟ್ಟಿದರು. "ಲೇ ರಂಗ," ಅಂದರು. "ಏಳ್ಲಾ." ಆಮೇಲೆ ನನ್ನ ಮುಖ ನೋಡಿದರು. ಆ ನೋಟ ನನ್ನ ವೈರಿಗೂ ಬೇಡ.

ಅವರನ್ನೂ ಕೂರಿಸಿಕೊಂಡು ಕುಣಿಗಲ್ಲಿನ ಆಸ್ಪತ್ರೆಗೆ ಓಡಿಸಿದೆ. ಪ್ರಾಣ ಹೋಗಿ ಬಹಳ ಹೊತ್ತಾಗಿದೆ ಅಂದರು ಡಾಕ್ಟರು, ತುಮಕೂರು ಬಿಟ್ಟ ಸ್ವಲ್ಪ ಹೊತ್ತಿಗೇ ಎದೆಬಡಿತ ನಿಂತಿರಬೇಕಂತೆ. ಕಡೆಗೆ ಮಾತಾಡಿದ್ದು ಯಾವಾಗ ಅಂತ ಕೇಳಿದರು. ಮನೆಯ ಗೇಟಿನ ಮುಂದೆ ಅಂದೆ. "ಅದು ಸಾಧ್ಯವೇ ಇಲ್ಲ ಕಣ್ರೀ," ಅಂದು ನನ್ನ ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದರು.

ಹೊರಗೆ ಬೆಂಚಿನ ಮೇಲೆ ಜಯಮ್ಮ ತಾವಾಗಿಯೇ ಬಾಯಿ ಬಿಟ್ಟರು. ಅವರವ್ವ ಸತ್ತಾಗ ಇವರು ದೂರದಲ್ಲಿದ್ದರಂತೆ. ಮಗಳು ಬಂದು ಮುಖ ನೋಡುವವರೆಗೂ ಹೆಣ ಎತ್ತೋದಿಲ್ಲ ನಮ್ಮ ಕಡೆ. "ಬತ್ತಾ ಇವ್ನಿ, ಕಾಯ್ರಿ ಅಂತ ಫೋನಲ್ಲಿ ಬಡ್ಕೊಂಡೆ ಕಣಪ್ಪ. ಹೊತ್ತು ಮುಳುಗ್ತದೆ ಅಂತ ಇವ್ನು ಎತ್ತಿಸ್‌ಬುಟ್ಟ. ಇನ್ನು ನಿನ್ ಮುಖ ನನ್ಗೆ ತೋರಿಸ್ಬೇಡ ಅಂದ್ಬುಟ್ಟು ಬಂದೆ ನಾನು." ತಮ್ಮ ಆಮೇಲೆ ಮುಖ ತೋರಿಸಲಿಲ್ಲ. ಹಸಿರು ಗೇಟಿನ ಆ ಮನೆ ಕಟ್ಟಿದ್ದು ಅದಾದ ಮೇಲೆ. ರಂಗಪ್ಪ ಆ ಬೀದಿಗೆ ಒಂದು ದಿನವೂ ಕಾಲಿಟ್ಟವರಲ್ಲ.

"ಅವ್ವನ ಮುಖ ತೋರಿಸ್ಲಿಲ್ಲ ಅಂತ ತನ್ ಮುಖ ತಂದು ತೋರಿಸ್ದ ನೋಡಪ್ಪ," ಅಂದು ಸೆರಗು ಬಾಯಿಗೆ ಒತ್ತಿಕೊಂಡರು. "ಜೀವ ಇರೋವಾಗ ಬರಬಾರದಿತ್ತಾ? ನಾನೇನು ಬಾಗ್ಲು ಹಾಕ್ಕೊಂಬುಡ್ತಿದ್ನಾ?" ಆಮೇಲೆ ಕೇಳಿದರು, ದಾರಿಯಲ್ಲಿ ಅಕ್ಕ ಅಂತ ಏನಾದರೂ ಅಂದನಾ ಅಂತ. ಹ್ಞೂಂ ಅಂತ ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಬಾಯಿ ಬರಲಿಲ್ಲ. ಮನೆ ಬಂತು ಅಂದರು ಅಂತಷ್ಟೇ ಹೇಳಿದೆ.

ಯಾರೋ ನೆಂಟರು ಆ ಮನೆಯ ದಾರಿ ರಂಗಪ್ಪನಿಗೆ ಹೇಳಿದ್ದಿರಬಹುದು, ಒಪ್ಪುತ್ತೇನೆ. ಡಾಕ್ಟರ ಲೆಕ್ಕ ತಪ್ಪಿದ್ದಿರಬಹುದು. ಆದರೆ ಲೆಕ್ಕ ತಪ್ಪಿದ್ದರೆ ಹೆಬ್ಬೂರಿನ ಹತ್ತಿರ ಅವರಿಗೆ ಜೀವವಿತ್ತು. ನಾನು ಮುಟ್ಟಿ ನೋಡಿದ್ದರೆ ಉಳಿಯುತ್ತಿದ್ದರೋ ಏನೋ. ಲೆಕ್ಕ ಸರಿಯಾಗಿದ್ದರೆ ನನ್ನನ್ನು ಮುಂದಕ್ಕೆ ನಡೆಸಿದ್ದು ಯಾರು? ಎರಡರಲ್ಲಿ ಯಾವುದನ್ನು ನಂಬಿದರೂ ನನಗೆ ನೆಮ್ಮದಿಯಿಲ್ಲ. ಹೊಸ ಡ್ರೈವರ್‌ಗಳಿಗೆ ಈಗ ನಾನು ಹೇಳೋದು ಒಂದೇ, ಅನುಮಾನ ಬಂದರೆ ನಿಲ್ಲಿಸು, ಮುಟ್ಟಿ ನೋಡು, ಚೈನ್ ಮನೆ ಹಾಳಾಗಲಿ. ಮಾತಾಡುತ್ತಾ ಇದ್ದರೂ ಮುಟ್ಟಬೇಕಾ ಅಣ್ಣ ಅಂತ ನಗುತ್ತಾರೆ. ಆಗಲೂ ಮುಟ್ಟು ಅನ್ನುತ್ತೇನೆ.

ಜಯಮ್ಮ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಊಟ ಆಯ್ತಾ, ಮಕ್ಕಳು ಹೆಂಗವ್ರೆ ಅಂತ ಶುರು ಮಾಡಿ, ಕೊನೆಗೆ, "ಇನ್ನೊಂದ್ಸಲ ಹೇಳಪ್ಪ, ಏನಂದ?" ಅನ್ನುತ್ತಾರೆ.

"ಇಲ್ಲೇ ನಿಲ್ಸು. ಮನೆ ಬಂತು," ಅನ್ನುತ್ತೇನೆ.

"ನನ್ ಮನೆಗಾ ಹಂಗಂದಿದ್ದು?" ಅನ್ನುತ್ತಾರೆ. ಹೌದಮ್ಮ ಅನ್ನುತ್ತೇನೆ. ಅಷ್ಟು ಹೊತ್ತಿಗೆ ಆ ಕಡೆ ಅಳು ಶುರುವಾಗಿರುತ್ತದೆ.