ಮೂರು ಸಾವಿರ ಮೀಟರ್ ಮೇಲೊಬ್ಬ ಸೇಫ್ಟಿ ಆಫೀಸರ್

ನಿನ್ನೆ ಸೌದಿಯ ಥುಕ್ಬಾದ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಮೂಗಿಗೆ ಕಾಮಕಸ್ತೂರಿಯ ವಾಸನೆ ಬಡಿಯಿತು. ಇಲ್ಲಿ ಅದಕ್ಕೆ ರೈಹಾನ್ ಎನ್ನುತ್ತಾರೆ. ಕಂತೆ ಕಟ್ಟಿ, ಒದ್ದೆ ಗೋಣಿಯ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಒಂದು ಕಂತೆ ಎತ್ತಿ ಮೂಗಿಗೆ ಹಿಡಿದವನು ಹಾಗೇ ನಿಂತುಬಿಟ್ಟೆ. ಕೊನೆಗೆ ಅಂಗಡಿಯವನೇ, ಕೊಳ್ಳುವುದಿದೆಯೋ ಬರೀ ಮೂಸುವುದೋ ಎಂದು ಹಿಂದಿಯಲ್ಲಿ ಕೇಳಿದ. ನಾಚಿಕೆಯಾಗಿ ಕೊಂಡುಕೊಂಡೆ. ನಮ್ಮ ಮನೆಯಲ್ಲಿ ಅದನ್ನು ಯಾವ ಅಡುಗೆಗೂ ಹಾಕುವುದಿಲ್ಲ. ಆದರೆ ಆ ವಾಸನೆ ಬಂದ ಕೂಡಲೇ ನನಗೆ ಒಂದು ಬೆಟ್ಟ ನೆನಪಾಗುತ್ತದೆ, ಮೊಣಕಾಲು ಸಣ್ಣಗೆ ನಡುಗುತ್ತದೆ, ನಗುವೂ ಬರುತ್ತದೆ. ಯಾಕೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂತು ಕೇಳಿ.

ನಾನು ದಾವಣಗೆರೆಯ ಕಡೆಯವನು. ನಮ್ಮಲ್ಲಿ ನೆಲ ಎಂದರೆ ನೆಲ, ಅದು ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಹೊಟ್ಟೆಪಾಡಿಗೆ ರಾಸ್ ಅಲ್ ಖೈರಿನ ಒಂದು ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ವಾರವೆಲ್ಲ ಅಲ್ಲಿನ ಕ್ಯಾಂಪಿನಲ್ಲಿ, ಗುರುವಾರ ಸಂಜೆ ಕಂಪನಿ ಬಸ್ಸು ಹತ್ತಿ ಥುಕ್ಬಾದ ಮನೆಗೆ. ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೇಡ ಎನ್ನುವುದು. ಹೆಲ್ಮೆಟ್ ಇಲ್ಲದೆ ಬೇಡ, ಬೆಲ್ಟ್ ಇಲ್ಲದೆ ಬೇಡ, ಪರ್ಮಿಟ್ ಇಲ್ಲದೆ ಬೇಡವೇ ಬೇಡ. ಹೀಗೆ ವಾರವಿಡೀ ಬೇಡ ಬೇಡ ಎಂದು ಮನೆಗೆ ಬಂದರೆ, ಇನ್ನೆರಡು ರೊಟ್ಟಿ ಹಾಕಲೇ ಎಂದು ಹೆಂಡತಿ ಕೇಳಿದಾಗಲೂ ಬಾಯಿಗೆ ಅದೇ ಬರುತ್ತದೆ. ಆಮೇಲೆ ಅವಳು ಮತ್ತೆ ಕೇಳುವುದಿಲ್ಲ.

ಎತ್ತರದ ಕೆಲಸಕ್ಕೆ ಕಟ್ಟುವ ಸ್ಕ್ಯಾಫೋಲ್ಡಿಂಗ್, ಅಂದರೆ ಊರಿನಲ್ಲಿ ಸಾರವೆ ಎನ್ನುತ್ತೇವಲ್ಲ, ಅದನ್ನು ಪರೀಕ್ಷಿಸಿ ಹಸಿರು ಚೀಟಿ ಕಟ್ಟುವುದೂ ನನ್ನ ಜವಾಬ್ದಾರಿ. ಹಸಿರು ಚೀಟಿ ಇದ್ದರೆ ಕೆಲಸದವರು ಹತ್ತಬಹುದು. ಕೆಂಪು ಇದ್ದರೆ ಹತ್ತುವಂತಿಲ್ಲ. ಪರೀಕ್ಷಿಸಬೇಕಾದವನು ತುದಿಯವರೆಗೆ ಏರಿ, ಪೈಪುಗಳನ್ನು ಬಿಗಿಯುವ ಒಂದೊಂದು ಕ್ಲಾಂಪನ್ನೂ ಮುಟ್ಟಿ ನೋಡಬೇಕು ಎಂಬುದು ನಿಯಮ. ಇಲ್ಲೇ ನನ್ನ ಗುಟ್ಟು ಇರುವುದು. ನನಗೆ ಎತ್ತರವೆಂದರೆ ಹೆದರಿಕೆ. ಸುಮ್ಮನೆ ಅಂಜಿಕೆಯಲ್ಲ, ಕೈ ಬೆವರಿ, ಕಣ್ಣು ಕತ್ತಲಿಟ್ಟು, ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಗುವ ಹೆದರಿಕೆ. ಮೊದಲನೆಯ ಅಂತಸ್ತಿನವರೆಗೆ ಹೇಗೋ ಹೋಗುತ್ತಿದ್ದೆ. ಅದರ ಮೇಲಿನದನ್ನೆಲ್ಲ ಮೋನುಚ್ಚ ಫೋನಿನಲ್ಲಿ ಫೋಟೋ ತೆಗೆದು ತರುತ್ತಿದ್ದರು. ನಾನು ನೆಲದ ಮೇಲೆ ನಿಂತು ಫೋಟೋಗಳನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿ ಗಂಭೀರವಾಗಿ ತಲೆಯಾಡಿಸಿ ಸಹಿ ಹಾಕುತ್ತಿದ್ದೆ.

ಮೋನುಚ್ಚ ಎಂದರೆ ನಮ್ಮ ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್. ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ಪಾಸ್‌ಪೋರ್ಟಿನಲ್ಲಿ ಮೊಯ್ದಿನ್, ಉಳಿದೆಲ್ಲ ಕಡೆ ಮೋನುಚ್ಚ, ಅಂದರೆ ಮೋನು ಅಣ್ಣ. ಸೌದಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ನಾನು ಯಾಕೆ ಮೇಲೆ ಬರುವುದಿಲ್ಲ ಎಂದು ಅವರು ಒಂದು ದಿನವೂ ಕೇಳಲಿಲ್ಲ, ಇನ್ನೊಬ್ಬರಿಗೆ ಹೇಳಲೂ ಇಲ್ಲ. ಆ ಮರ್ಯಾದೆಯನ್ನು ನಾನು ಸಲೀಸಾಗಿ ತಿಂದು ಅರಗಿಸಿಕೊಂಡಿದ್ದೆ, ಅದನ್ನು ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮೂರು ವರ್ಷದ ಹಿಂದೆ ಮೋನುಚ್ಚನ ಫೈನಲ್ ಎಕ್ಸಿಟ್ ಬಂತು. ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಒಪ್ಪಿಸಿ ಊರಿಗೆ ಮರಳಲು ಇನ್ನು ಎರಡೇ ತಿಂಗಳು. ಅದೇ ದಿನಗಳಲ್ಲಿ ನಮ್ಮ ಸೈಟಿಗೆ ಚಿಲಿ ದೇಶದ ಎಂಜಿನಿಯರ್ ಒಬ್ಬ ಬಂದಿದ್ದ. ಚಹಾದ ಹೊತ್ತಿನಲ್ಲಿ ತಮ್ಮೂರಿನ ಆಂಡೀಸ್ ಪರ್ವತದ ವಿಡಿಯೋ ತೋರಿಸುವುದು ಅವನ ಚಟ. ಐದು ಸಾವಿರ ಮೀಟರಿಗೂ ಎತ್ತರದ ಶಿಖರವಂತೆ. ಆದರೂ ಮುಕ್ಕಾಲು ದಾರಿಗೆ ಜೀಪು ಹೋಗುತ್ತದೆ, ಉಳಿದ ಎರಡು ತಾಸು ಗೈಡಿನ ಹಿಂದೆ ನಡೆದರೆ ತುದಿ. "ನನ್ನ ಅತ್ತೆ ಕೂಡ ಹತ್ತಿದ್ದಾಳೆ" ಎಂದು ಅವನು ನಕ್ಕ. ನಾನು ವಿಡಿಯೋದಿಂದಲೇ ಮುಖ ತಿರುಗಿಸಿದೆ. ಪಕ್ಕದಲ್ಲಿದ್ದ ಮೋನುಚ್ಚ ನನ್ನನ್ನು ನೋಡಿದರು. ಅವನು ಎದ್ದು ಹೋದ ಮೇಲೆ ಮೆಲ್ಲಗೆ ಮಾತು ತೆಗೆದರು.

"ಸಾರ್, ಒಂದು ಮಾತು ಹೇಳುದು, ಬೇಜಾರು ಮಾಡ್ಬಾರ್ದು ಆಯ್ತಾ. ನಾನು ಹೋದ ಮೇಲೆ ಫೋಟೋ ಯಾರು ತರುದು?"

"ಹೊಸಬ ಯಾರಾದರೂ ತರ್ತಾನೆ ಬಿಡ್ರಿ" ಎಂದೆ.

"ಅವ ಹತ್ತದೆ ಹಳೇ ಫೋಟೋ ಕಳಿಸಿದ್ರೆ ನಿಮಗೆ ಎಂತ ಗೊತ್ತಾಗ್ತದೆ ಮಾರಾಯ್ರೆ? ನೀವು ಸೈನ್ ಹಾಕ್ತೀರಿ, ಯಾರೋ ಹತ್ತುತ್ತಾನೆ. ಅವ ಬಿದ್ರೆ ಅವನ ಮನೆಗೆ ಎಂತ ಹೇಳುದು?"

ಕೆಲಸ ಬಿಡಬೇಕು, ಇಲ್ಲವೇ ಹತ್ತಲು ಕಲಿಯಬೇಕು, ಮೂರನೆಯ ದಾರಿ ಇರಲಿಲ್ಲ. ಆ ದಿನ ಪರ್ಮಿಟ್ ಪುಸ್ತಕ ತೆರೆದರೆ ನನ್ನ ಸಹಿಯೇ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಎರಡು ದಿನ ಬಿಟ್ಟು ಮೋನುಚ್ಚನೇ ಉಪಾಯ ತಂದರು. ಅವರ ತಂಗಿಯ ಗಂಡನಿಗೆ ಸೌದಿಯ ಇನ್ನೊಂದು ತುದಿಯ ಅಭಾದಲ್ಲಿ ಒಂದು ಬಖಾಲಾ, ಅಂದರೆ ದಿನಸಿ ಅಂಗಡಿ ಇತ್ತು. ಅಲ್ಲಿನ ಅಸೀರ್ ಬೆಟ್ಟಗಳಲ್ಲಿ ಮೂರು ಸಾವಿರ ಮೀಟರ್ ಹತ್ತಿರದ ಶಿಖರಗಳಿವೆ, ಗೈಡ್ ಸಿಗುತ್ತಾನೆ, ಅಲ್ಲಿಯೂ ಮುಕ್ಕಾಲು ದಾರಿ ಗಾಡಿ ಹೋಗುತ್ತದೆ. "ಕಬ್ಬಿಣದ ಮೇಲೆ ಬೇಡ ಸಾರ್, ಮೊದಲು ಮಣ್ಣಿನ ಮೇಲೆ ಕಲಿಯುವ" ಎಂದರು.

ನಾನು ಹೊರಟ ರೀತಿಯನ್ನು ಹೇಳಿದರೆ ನೀವು ನಗುತ್ತೀರಿ, ನಗಿ. ಅಪಾಯಗಳ ಪಟ್ಟಿ ಮಾಡಿದೆ: ಜಾರುವುದು, ಉರುಳುವುದು, ಹಾವು, ಮಂಜು, ಕೋತಿ. ಪ್ರತಿಯೊಂದರ ಎದುರು ಮುನ್ನೆಚ್ಚರಿಕೆ ಬರೆದೆ. ಕೋತಿಯ ಎದುರು ಏನು ಬರೆಯುವುದೆಂದು ತಿಳಿಯದೆ 'ಗೌರವದಿಂದ ದೂರವಿರುವುದು' ಎಂದು ಬರೆದೆ. ಕಾಲಿಗೆ ಬೇರೆ ಬೂಟಿರಲಿಲ್ಲವಾದ್ದರಿಂದ ಸೈಟಿನ ಕಬ್ಬಿಣದ ಮೂತಿಯ ಸೇಫ್ಟಿ ಶೂಗಳನ್ನೇ ಹಾಕಿದೆ. ದಮ್ಮಾಮಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವು ಎರಡು ಸಲ ಕೂಗಿಕೊಂಡವು. ಮೋನುಚ್ಚ ಮಾತ್ರ ಹವಾಯಿ ಚಪ್ಪಲಿಯಲ್ಲಿ, ಕೈಯಲ್ಲಿ ಪತ್ತಿರ್ ಮತ್ತು ಕೋಳಿ ಸುಕ್ಕದ ಡಬ್ಬಿ ಹಿಡಿದು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಪತ್ತಿರ್ ಅಂದರೆ ಅವರ ಕಡೆಯ ಅಕ್ಕಿ ರೊಟ್ಟಿ, ಅದರ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬಹುದು.

ಅಭಾದಲ್ಲಿ ಇಳಿದಾಗ ಜುಲೈ ತಿಂಗಳಲ್ಲಿ ಚಳಿ! ರಾಸ್ ಅಲ್ ಖೈರಿನಲ್ಲಿ ಬೆಂದು ಹೋದ ನಮಗೆ ಅದೇ ಒಂದು ಹಬ್ಬ. ಮರುದಿನ ಬೆಳಿಗ್ಗೆ ಗೈಡ್ ಬಂದ. ಹೆಸರು ಸಯೀದ್, ಅರವತ್ತು ದಾಟಿದ ಮುದುಕ. ಸೊಂಟಕ್ಕೆ ಲುಂಗಿಯಂಥ ಬಟ್ಟೆ, ತಲೆಯ ಸುತ್ತ ಚೆಂಡುಹೂವಿನ ಜೊತೆಗೆ ಹಸಿ ಕಾಮಕಸ್ತೂರಿ ಹೆಣೆದ ಹಾರ. ಆ ಬೆಟ್ಟದ ಕೆಲವರ ಉಡುಗೆಯೇ ಹಾಗೆ. ಮೋನುಚ್ಚನಿಗೆ ಆ ಲುಂಗಿ ನೋಡಿ ನೆಂಟರೇ ಸಿಕ್ಕಷ್ಟು ಖುಷಿ. ನಾನು ಮಾತ್ರ ಅಭ್ಯಾಸಬಲದಿಂದ, ಅಪಾಯವಾದರೆ ಎಲ್ಲರೂ ಸೇರಬೇಕಾದ ಜಾಗ ಯಾವುದು ಎಂದು ಹರಕು ಅರಬ್ಬಿಯಲ್ಲಿ ಕೇಳಿದೆ. ಸಯೀದ್ ಸ್ವಲ್ಪ ಯೋಚಿಸಿ, ಕೆಳಗೆ ಕಾಣುತ್ತಿದ್ದ ತನ್ನ ಮನೆಯನ್ನು ತೋರಿಸಿ, "ಅಲ್ಲಿ ಕಾಫಿ ಇದೆ" ಎಂದ.

ಗಾಡಿ ನಿಂತ ಮೇಲಿನ ನಡಿಗೆ ಒಂದೂವರೆ ತಾಸಿನದು. ಜುನಿಪರ್ ಮರಗಳ ನಡುವೆ ಕಾಲುದಾರಿ. ಗಾಳಿ ತೆಳುವಾಗಿ ಎರಡು ಹೆಜ್ಜೆಗೊಮ್ಮೆ ಏದುಸಿರು. "ಶ್ವೈ ಶ್ವೈ" ಎನ್ನುತ್ತಿದ್ದ ಸಯೀದ್, ನಿಧಾನ ನಿಧಾನ ಎಂದು. ಬಂಡೆಗಳ ಮೇಲೆ ಕೂತ ಕೋತಿಗಳು ನನ್ನ ಶೂಗಳನ್ನೇ ನೋಡುತ್ತಿದ್ದವು. ನಾನು ಬರೆದುಕೊಂಡಂತೆ ಗೌರವದಿಂದ ದೂರವಿದ್ದೆ. ಎಲ್ಲ ಸರಿಯಾಗಿಯೇ ಇತ್ತು, ಕೊನೆಯ ಏಣು ಬರುವ ತನಕ. ಎತ್ತಿನ ಗಾಡಿಯಷ್ಟು ಅಗಲದ ದಾರಿ, ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಕೆಳಗೆ ಎಷ್ಟೋ ಆಳದಲ್ಲಿ ಮೋಡ. ನಾನು ಕೂತುಬಿಟ್ಟೆ. ಕೂತದ್ದು ಎಂದರೆ ಬಂಡೆಯನ್ನು ಎರಡೂ ಕೈಯಿಂದ ತಬ್ಬಿಕೊಂಡದ್ದು.

ಮೋನುಚ್ಚ ಹಿಂದೆ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ನೀವು ಇಲ್ಲೇ ಇರಿ ಸಾರ್. ನಾನು ಹೋಗಿ ಫೋಟೋ ತೆಗ್ದು ತರ್ತೇನೆ" ಎಂದರು. ತಮಾಷೆಗೆ ಹೇಳಿದರೋ ನಿಜವಾಗಿಯೋ ಇವತ್ತಿಗೂ ಗೊತ್ತಿಲ್ಲ. ಹೋದರು. ಸಯೀದ್ ನನ್ನ ಜೊತೆ ಉಳಿದ. ಕಾಲು ಗಂಟೆಯಲ್ಲಿ ಮರಳಿ ಬಂದು ಫೋನು ಕೈಗಿಟ್ಟರು. ಫೋಟೋದಲ್ಲಿ ಬರೀ ಬಿಳುಪು. ತುದಿಯ ಮೇಲೆಲ್ಲ ಮಂಜು.

"ಏನೂ ಕಾಣಲ್ವಲ್ರೀ?"

"ಅಲ್ವಾ ಮತ್ತೆ? ಈಗ ಸೈನ್ ಹಾಕ್ತೀರಾ?"

ಕೆನ್ನೆಗೆ ಹೊಡೆದಂತಾಯಿತು. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯುವ ಮೊದಲೇ ಎದ್ದು ನಿಂತಿದ್ದೆ. ಸಯೀದ್ ಮುಂದೆ ಬಂದು, ತನ್ನ ಹಿಮ್ಮಡಿಯನ್ನು ತೋರಿಸಿ, ಇದನ್ನು ಮಾತ್ರ ನೋಡು ಎಂದು ಸನ್ನೆ ಮಾಡಿದ. ಬಿರುಕುಬಿಟ್ಟ ಆ ಹಿಮ್ಮಡಿಗಳನ್ನೂ ಗಾಳಿಗೆ ತೇಲಿ ಬರುವ ಕಾಮಕಸ್ತೂರಿಯನ್ನೂ ಹಿಡಿದುಕೊಂಡು ನಾನು ಹೆಜ್ಜೆ ಹೆಜ್ಜೆಯಾಗಿ ಹೋದೆ. ದಾರಿಯಲ್ಲಿ ಆಸರೆಗೆಂದು ಒಂದು ಕಲ್ಲಿನ ಮೇಲೆ ಕೈಯಿಟ್ಟೆ. ನೋಡಲು ಗಟ್ಟಿಮುಟ್ಟಾದ ಕಲ್ಲು. ಕೈಯಿಟ್ಟ ಕೂಡಲೇ ಅಲ್ಲಾಡಿತು. ಸಯೀದ್ ತಿರುಗಿ ಅದನ್ನು ಕಾಲಿನಿಂದ ತಳ್ಳಿದ. ಅದು ಮೋಡದೊಳಗೆ ಬಿತ್ತು, ಸದ್ದು ಬರಲು ಎಷ್ಟೋ ಹೊತ್ತಾಯಿತು. ಫೋಟೋದಲ್ಲಿ ಆ ಕಲ್ಲು ಅಲ್ಲಾಡುತ್ತಿರಲಿಲ್ಲ. ಇಷ್ಟು ವರ್ಷ ನಾನು ಸಹಿ ಹಾಕಿದ ಚೀಟಿಗಳೆಲ್ಲ ಕಣ್ಣೆದುರು ಬಂದವು.

ತುದಿಯಲ್ಲಿ ಏನು ಕಂಡಿತು ಎಂದು ಕೇಳಬೇಡಿ. ಮಂಜು ಸರಿಯಲೇ ಇಲ್ಲ. ಪಕ್ಕದಲ್ಲಿ ಕೂತ ಮೋನುಚ್ಚನೇ ಅರ್ಧ ಕಾಣುತ್ತಿದ್ದರು. ಆದರೂ ಅಷ್ಟು ರುಚಿಯಾದ ಪತ್ತಿರನ್ನು ನಾನು ಮತ್ತೆ ತಿಂದಿಲ್ಲ. ಸಯೀದ್ ಕೋಳಿ ಸುಕ್ಕ ಮೂರು ಸಲ ಹಾಕಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇದಕ್ಕೆ ಮೆಣಸು ಎಷ್ಟು ಹಾಕುತ್ತೀರಿ ಎಂದು ವಿಚಾರಿಸಿದ.

ಮರಳಿ ಬಂದ ವಾರವೇ ಒಂದು ಟ್ಯಾಂಕಿನ ಸುತ್ತ ಐದು ಅಂತಸ್ತಿನ ಸ್ಕ್ಯಾಫೋಲ್ಡಿಂಗ್ ತಯಾರಾಯಿತು. ಅದು ಮೋನುಚ್ಚ ಸೌದಿಯಲ್ಲಿ ಕಟ್ಟಿಸಿದ ಕೊನೆಯದು. ಬೆಲ್ಟ್ ಬಿಗಿದುಕೊಂಡು ಹತ್ತಿದೆ. ಕೆಳಗೆ ಅವರು ತಲೆಯೆತ್ತಿ ನಿಂತಿದ್ದರು. ಮೊಣಕಾಲಿನ ನಡುಕ ಪೈಪಿಗೂ ಹತ್ತಿ ಇಡೀ ಸಾರವೆ ಗುಂಯ್ ಎನ್ನುತ್ತಿದೆ ಎಂದೇ ಅನಿಸಿತು. ಒಂದೊಂದು ಕ್ಲಾಂಪನ್ನೂ ಹಿಡಿದು ಅಲ್ಲಾಡಿಸುತ್ತ ಹೋದೆ. ನಾಲ್ಕನೆಯ ಅಂತಸ್ತಿನ ಮೂಲೆಯದು ಸಡಿಲವಾಗಿ ತಿರುಗಿತು.

ಕೆಳಗಿಳಿದು ಬಂದೆ. ಇಪ್ಪತ್ತಾರು ವರ್ಷ ಒಂದು ಬೆರಳಿಗೂ ಪೆಟ್ಟಾಗದಂತೆ ಜನರನ್ನು ಹತ್ತಿಸಿ ಇಳಿಸಿದ ಮನುಷ್ಯ. ಇನ್ನು ಒಂಬತ್ತು ದಿನಕ್ಕೆ ಊರಿಗೆ ಹೋಗುವವರು. ಅವರ ಮುಖ ನೋಡಲು ಧೈರ್ಯವಾಗದೆ ಕೆಂಪು ಚೀಟಿ ಕಟ್ಟಿದೆ. ಕಟ್ಟಿ ಮುಗಿಸಿ ತಿರುಗಿದೆ. ಮೋನುಚ್ಚನ ಮುಖ ಮೊದಲು ಬಾಡಿತು. ಸ್ಪ್ಯಾನರ್ ತೆಗೆದುಕೊಂಡು ತಾವೇ ಹತ್ತಿ ಬಿಗಿ ಮಾಡಿ ಇಳಿದು ಬಂದರು. ಕೈ ಒರೆಸಿಕೊಳ್ಳುತ್ತ, "ಹೋಗಿ ಸಾರ್, ಇನ್ನೊಮ್ಮೆ ನೋಡಿ ಬನ್ನಿ" ಎಂದರು. ನಾನು ಇನ್ನೊಮ್ಮೆ ಹತ್ತಿದೆ. ಇಳಿದು ಹಸಿರು ಕಟ್ಟಿದಾಗ ಅವರು ನಗುತ್ತಿದ್ದರು. "ಈಗ ನಾನು ಧೈರ್ಯದಲ್ಲಿ ಊರಿಗೆ ಹೋಗ್ಬಹುದು."

ಹೆದರಿಕೆ ಹೋಯಿತೇ ಎಂದರೆ ಇಲ್ಲ. ಈಗಲೂ ಹೊಟ್ಟೆಯೊಳಗಿನ ಬಟ್ಟೆ ಹಿಂಡುವವರು ರಜೆ ಹಾಕಿಲ್ಲ. ಹಿಂಡಿಕೊಳ್ಳಲಿ ಎಂದು ಬಿಟ್ಟು ಹತ್ತುತ್ತೇನೆ, ಅಷ್ಟೇ ವ್ಯತ್ಯಾಸ.

ನಿನ್ನೆ ಮನೆಗೆ ಬಂದು ಮೋನುಚ್ಚನಿಗೆ ಫೋನು ಮಾಡಿದೆ. ಉಪ್ಪಿನಂಗಡಿಯಲ್ಲಿ ಮನೆಯ ಮೇಲೆ ಇನ್ನೊಂದು ಮಾಳಿಗೆ ಕಟ್ಟಿಸುತ್ತಿದ್ದಾರೆ. ಗೋಡೆ ಎದ್ದಿದೆ, ಸಾರಣೆಗೆ ಸಾರವೆಯನ್ನೂ ಕಟ್ಟಿ ಆಗಿದೆ. ಆದರೆ ಕೆಲಸ ನಿಂತಿದೆಯಂತೆ.

"ಯಾಕ್ರೀ, ಮೇಸ್ತ್ರಿ ಬರ್ಲಿಲ್ವಾ?"

"ಅವ ದಿನಾ ಬಂದು ಬಯ್ತಾ ಇದ್ದಾನೆ. ನಾನೇ ಹತ್ಲಿಕ್ಕೆ ಬಿಡ್ಲಿಲ್ಲ. ನೀವು ಬರುವ ತಿಂಗಳು ರಜೆಯಲ್ಲಿ ಬರ್ತೀರಲ್ಲ ಸಾರ್? ಒಮ್ಮೆ ಹತ್ತಿ ನೋಡಿ ಹೇಳಿ. ಮತ್ತೆ ಶುರು ಮಾಡುವ."

ನಾನು, ಬೆಲ್ಟ್ ಇದೆಯೇ ಎಂದು ಮಾತ್ರ ಕೇಳಿದೆ.